ಬೀಗರ ಮನೆಯ ಸಿಡಿಯಲ್ಲಿದ್ದ ನಡಿಗೆ

ಡಿಸ್ಕಿನ ಹೊಳೆಯುವ ಬದಿಗೆ ಕುಂಕುಮ ಹಚ್ಚಿದ್ದರು. ಹೆಸರು ಬರೆಯುವ ಬದಿ ಬೆಳ್ಳಗೆ ಮಂಕಾಗಿರುತ್ತದೆ; ಹೊಳೆಯುವುದೇ ಅದರ ಮುಖ ಎಂದು ಯಾರಿಗಾದರೂ ಅನ್ನಿಸುತ್ತದೆ. ಮದುವೆಯ ಸಿಡಿ ಮನೆಗೆ ಬಂದ ದಿನ ದೇವರ ಜಗಲಿಯ ಮೇಲಿಟ್ಟು, ಅರಿಶಿಣ ಕುಂಕುಮ ಏರಿಸಿ, ಊದಿನಕಡ್ಡಿ ಬೆಳಗಿ, ಆಮೇಲೆ ಪ್ಲೇಯರಿಗೆ ಹಾಕಿದ್ದರಂತೆ. ಪ್ಲೇಯರ್ ಅದನ್ನು ಒಪ್ಪಲಿಲ್ಲ. ಸೆರಗಿನಿಂದ ಗುಂಡಗೆ ತಿಕ್ಕಿ ಒರೆಸಿ ಮತ್ತೆ ಹಾಕಿದ್ದರು. ಲೇಸರ್ ಓದುವ ದಾರಿಯೂ ಗುಂಡಗೇ ಇರುತ್ತದೆ. ಅಡ್ಡ ಗೀರು ಬಿದ್ದರೆ ಡ್ರೈವ್ ಹೇಗೋ ದಾಟಿಕೊಳ್ಳುತ್ತದೆ. ದಾರಿಗುಂಟ ಬಿದ್ದ ಗೀರು ದಾರಿಯನ್ನೇ ತಿನ್ನುತ್ತದೆ. ಕುಂಕುಮದ ಹರಳುಗಳು ದಾರಿಗುಂಟ ಗೀರಿದ್ದವು.

ಶಹಾಪುರದಲ್ಲಿ ನನ್ನದೊಂದು ಸಣ್ಣ ಕೋಣೆಯಿದೆ. ಮನೆಮನೆಯ ಹಳೆಯ ಕ್ಯಾಸೆಟ್ಟು, ಸಿಡಿ, ಡಿವಿಡಿಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುತ್ತೇನೆ. ಈ ಡಿಸ್ಕು ತಂದವರು ಸುರಪುರದ ಒಬ್ಬ ನರ್ಸಬಾಯಿ. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಮಗಳ ಕೂದಲು ತೆಗೆಸಿದ ಜಾವಳದ ಸಿಡಿ, ಮನೆ ಒಕ್ಕಲಿನ ಸಿಡಿ, ಅಣ್ಣನ ಮದುವೆಯ ಮೂರು ಡಿವಿಡಿ. ನಮ್ಮ ಕಡೆ ಎಲ್ಲಕ್ಕೂ ಸಿಡಿ ಎಂದೇ ಹೆಸರು. ಮದುವೆಯ ಮೊದಲನೆಯದನ್ನು ಅವರು ಬೇರೆ ತೆಗೆದು ನನ್ನ ಕೈಗೆ ಕೊಟ್ಟರು.

"ಮತ್ತೆಲ್ಲಾ ಹೋದ್ರೂ ಹೋಗ್ಲಿ ಸರ. ಇದೊಂದು ಬೇಕು. ಇದ್ರಾಗ ನಮ್ಮವ್ವ ನಡೀತಾಳ."

"ಮಾರಿ ಸ್ಪಷ್ಟ ಕಾಣಬೇಕೇನ್ರಿ?"

"ಮಾರಿ ಫೋಟೋದಾಗ ಅದ. ನನಗ ನಡಿಗಿ ಬೇಕು."

ಅವರ ದೊಡ್ಡ ಮಗಳು ಮೂರನೇ ಇಯತ್ತೆ. ನಡೆಯುವಾಗ ಒಂದು ಬದಿಗೆ ವಾಲುತ್ತಾಳೆ, ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ರಾಯಚೂರಿನ ಮೂಳೆ ಡಾಕ್ಟರು, ಮನೆತನದಲ್ಲಿ ಯಾರಿಗಾದರೂ ಹುಟ್ಟಿನಿಂದ ಹೀಗಿತ್ತೇ ಎಂದು ಕೇಳಿದ್ದರು. ಇದ್ದರೆ, ಇನ್ನೂ ಅಂಬೆಗಾಲಿಡದ ಎರಡನೇ ಮಗಳ ಟೊಂಕವನ್ನೂ ಈಗಲೇ ನೋಡಬೇಕು. ಎಳೆಯದರಲ್ಲಾದರೆ ಪಟ್ಟಿ ಕಟ್ಟಿ ಜಾರಿದ ಕೀಲನ್ನು ಕೂಡಿಸಬಹುದು, ನಡೆಯಲು ಕಲಿತ ಮೇಲೆ ಅಷ್ಟು ಸುಲಭವಲ್ಲ. ಗಂಡನ ಮನೆಯವರು ಒಪ್ಪುತ್ತಿರಲಿಲ್ಲ. ದೊಡ್ಡವಳು ತೊಟ್ಟಿಲಿನಿಂದ ಬಿದ್ದದ್ದಕ್ಕೆ ಹಾಗಾಯಿತು, ನೆಟ್ಟಗಿರುವ ಕೂಸನ್ನು ಯಾಕೆ ಆಸ್ಪತ್ರೆಗೆ ಒಯ್ಯಬೇಕು ಎಂಬುದು ಅವರ ವಾದ. ಬಿದ್ದದ್ದು ನರ್ಸಬಾಯಿ ಡ್ಯೂಟಿಗೆ ಹೋದಾಗ ಎಂಬುದನ್ನೂ ಸೇರಿಸುತ್ತಿದ್ದರು.

ತೀರಿಕೊಂಡಿದ್ದ ನರ್ಸಬಾಯಿಯ ತಾಯಿ ಕುಂಟುತ್ತಿದ್ದರು ಎನ್ನುವುದಕ್ಕೆ ಎಲ್ಲರ ಒಪ್ಪಿಗೆ ಇತ್ತು. ಯಾವ ಕಾಲು, ಯಾವಾಗಿನಿಂದ, ಏತರಿಂದ ಎಂದರೆ ಒಬ್ಬೊಬ್ಬರದು ಒಂದೊಂದು. ಜೊತೆಗೆ ಬಂದಿದ್ದ ಅಣ್ಣನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಅವನು ಕುರಿ ಸಾಕುವವನು, ಎರಡು ಎಕರೆ ಒಣ ಹೊಲವಿದೆ.

"ಎತ್ತು ತುಳದದ್ದು ಸರ. ಎಡಗಾಲು. ನಾ ಕಣ್ಣಾರೆ ನೋಡೀನಿ. ದೂರದಾಗ ಕುರಿ ನಡಿಗಿ ನೋಡಿ ಇದು ಯಾರ ಕುರಿ ಅಂತ ಹೇಳ್ತೀನಿ, ನಮ್ಮವ್ವನ ನಡಿಗಿ ಗೊತ್ತಾಗಂಗಿಲ್ಲೇನು ನನಗ?"

"ನೀ ಆಗ ಕುರಿ ಹಿಂದ ಇದ್ದಿ, ಅವ್ವನ ಹಿಂದ ಇದ್ದಿದ್ದಿಲ್ಲ," ಎಂದರು ನರ್ಸಬಾಯಿ.

ಇಷ್ಟು ಅಚ್ಚುಕಟ್ಟಾದ ನೆನಪು ನನಗೆ ಆಗಿಬರುವುದಿಲ್ಲ. ಎತ್ತು, ಕಾಲು, ಕಣ್ಣಾರೆ ಎಲ್ಲ ಹೊಂದಿಕೊಂಡು ಬಂದರೆ ಅದು ಹಲವು ಸಲ ಹೇಳಿ ಹೇಳಿ ನುಣುಪಾದದ್ದು ಎಂದೇ ನನ್ನ ಲೆಕ್ಕ. ಕುಂಕುಮದ ಕಥೆಯೂ ಹಾಗೆಯೇ. ಹಚ್ಚಿದ್ದು ಸ್ವತಃ ಅವ್ವನೇ ಎಂದರು ನರ್ಸಬಾಯಿ. ಅಲ್ಲ, ನನ್ನ ಹೆಂಡತಿ ಎಂದ ಅಣ್ಣ. ತಾಯಿಯೇ ತನ್ನ ನಡಿಗೆಯ ಮೇಲೆ ಹೆಬ್ಬೆರಳೊತ್ತಿ ಅಳಿಸಿದಳು ಎಂದು ಬರೆದರೆ ಚೆಂದ ಕಾಣುತ್ತದೆ. ಚೆಂದ ಕಾಣುತ್ತದೆ ಎಂದೇ ಅದನ್ನು ನಾನು ಒಪ್ಪಿಕೊಳ್ಳಲಾರೆ.

ಡಿವಿಡಿಯಿಂದ ಚಿತ್ರವನ್ನು ಕೆಡದಂತೆ ತೆಗೆಯುವುದು ಎಂದರೆ ಜೋಳವನ್ನು ಒಂದು ಚೀಲದಿಂದ ಇನ್ನೊಂದು ಚೀಲಕ್ಕೆ ಸುರಿದಂತೆ. ಬಹಳಷ್ಟು ಅಂಗಡಿಗಳಲ್ಲಿ ಸುರಿಯುವುದಿಲ್ಲ, ಬೀಸುತ್ತಾರೆ. ಫೈಲು ಸಣ್ಣದಾಗಲಿ, ಫೋನಿನಲ್ಲಿ ಬೇಗ ತೆರೆಯಲಿ ಎಂದು ಚಿತ್ರವನ್ನು ಮತ್ತೊಮ್ಮೆ ಒತ್ತಿ ಕುಗ್ಗಿಸುತ್ತಾರೆ. ಹಿಟ್ಟಾದದ್ದು ಮತ್ತೆ ಕಾಳಾಗುವುದಿಲ್ಲ. ನಾನು ಮೊದಲು ಇಡೀ ಡಿಸ್ಕಿನ ಪಡಿಯಚ್ಚನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ, ಆಮೇಲೆ ಒಳಗಿನ ಚಿತ್ರವನ್ನೂ ಧ್ವನಿಯನ್ನೂ ಮುಟ್ಟದೆ ಹೊರಗಿನ ಚೀಲ ಮಾತ್ರ ಬದಲಿಸುತ್ತೇನೆ.

ಈ ಸಲ ಅದರೊಳಗೊಂದು ಹೆಚ್ಚಿನ ಎಚ್ಚರ ಬೇಕಿತ್ತು. ಆ ಕಾಲದ ಮದುವೆ ಕ್ಯಾಮೆರಾಗಳು ಒಂದು ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುತ್ತಿರಲಿಲ್ಲ. ಒಂದು ಗೆರೆ ಬಿಟ್ಟು ಒಂದು ಗೆರೆ ಮೊದಲು, ಉಳಿದ ಗೆರೆಗಳು ಒಂದು ಚೂರು ತಡವಾಗಿ. ಒಂದೇ ಚಿತ್ರದಲ್ಲಿ ಎರಡು ಗಳಿಗೆ. ಓಡುವವರ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುವುದು ಅದಕ್ಕೇ. ಹಲ್ಲು ಕಾಣಬಾರದೆಂದು ಅರ್ಧ ಗೆರೆಗಳನ್ನು ಎಸೆದುಬಿಡುವುದು ಸಾಮಾನ್ಯ ರೂಢಿ. ಎಸೆದರೆ ಚಲನೆಯ ಅರ್ಧವೂ ಹೋಗುತ್ತದೆ. ಹಿಮ್ಮಡಿ ನೆಲ ಮುಟ್ಟಿತೋ ಇಲ್ಲವೋ ಎಂಬುದು ಆ ಎಸೆದ ಅರ್ಧದಲ್ಲಿರಬಹುದು.

ಡಿಸ್ಕನ್ನು ಸೋಪಿನ ನೀರಲ್ಲಿ ತೊಳೆದೆ. ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸಿದೆ. ಕುಂಕುಮ ಹೋಯಿತು, ಗೀರು ಉಳಿಯಿತು. ನಡುವಿನ ತೂತಿನ ಬಳಿ ಕೂದಲೆಳೆಯಷ್ಟು ಬಿರುಕೂ ಇತ್ತು. ಡ್ರೈವಿನ ವೇಗ ತಗ್ಗಿಸಿ, ಓದಲಾಗದ ಕಡೆ ಹಟ ಹಿಡಿಯದೆ ಮುಂದಕ್ಕೆ ಹೋಗಿ, ಓದಾದದ್ದೆಲ್ಲ ಮುಗಿದ ಮೇಲೆ ಬಿಟ್ಟ ಜಾಗಕ್ಕೆ ಮರಳಿ ಬರುವ ಪ್ರೋಗ್ರಾಮನ್ನು ಹಚ್ಚಿದೆ. ಎಲ್ಲಿ ಓದಾಯಿತು, ಎಲ್ಲಿ ತೂತು ಉಳಿಯಿತು ಎಂಬ ನಕ್ಷೆಯನ್ನು ಅದೇ ಬರೆದುಕೊಳ್ಳುತ್ತಾ ಹೋಗುತ್ತದೆ.

ಓದಾದ ಭಾಗವನ್ನು ತೆರೆದು ನೋಡಿದೆ. ಹಂದರದ ಹೊರಗೆ ಬಿಟ್ಟ ಚಪ್ಪಲಿಗಳ ಮೇಲೆ ಕ್ಯಾಮೆರಾ ನಿಂತಿತ್ತು. ಒಳಗೆ ವಾಲಗ ಊದುತ್ತಿದ್ದರು. ಯಾರೋ ಬಂದು ತನ್ನದೊಂದು ಜೊತೆ ಬಿಟ್ಟು ಹೋದರು, ಕ್ಯಾಮೆರಾ ಅವರ ಹಿಂದೆ ಹೋಗಲಿಲ್ಲ. ಇದು ಯಾರ ಕೈ ಎಂದು ನನಗೆ ಕೂಡಲೇ ಗೊತ್ತಾಯಿತು. ಚಿತ್ರ ನಿಲ್ಲಿಸಿದೆ.

ಯಾದಗಿರಿಯ ಒಂದು ಸ್ಟುಡಿಯೋದಲ್ಲಿ ಇದನ್ನು ತೆಗೆದವನೂ ನಾನೂ ಒಟ್ಟಿಗೆ ಕೆಲಸ ಕಲಿತವರು. ಮದುವೆಯವರು ಬಂದಾಗ ನನ್ನೆದುರಿಗೇ, "ಅಂವ ಇದ್ರ ಅವನ್ನ ಕಳಸ್ರಿ," ಎನ್ನುತ್ತಿದ್ದರು. ನಾನು ಕ್ಯಾಮೆರಾದ ಬಗ್ಗೆ ಪುಸ್ತಕ ತರಿಸಿ ಓದುತ್ತಿದ್ದೆ, ಅವನು ಓದುತ್ತಿರಲಿಲ್ಲ. ನಾನು ಆಮೇಲೆ ಹತ್ತಿಕುಣಿ ಕೆರೆಯ ದಂಡೆಯಲ್ಲಿ ವರ್ಷಗಟ್ಟಲೆ ಒಂದು ಚಿತ್ರ ತೆಗೆದೆ. ಅದರಲ್ಲಿ ಮನುಷ್ಯರಿಲ್ಲ. ಮನುಷ್ಯರು ಎದ್ದು ಹೋದ ಮೇಲಿನ ಜಾಗವಷ್ಟೇ ಇದೆ. ಯಾದಗಿರಿಯ ಒಂದು ಸಭಾಂಗಣದಲ್ಲಿ ತೋರಿಸಿದಾಗ ನೋಡಲು ಬಂದವರೂ ಎದ್ದು ಹೋದರು. ಅವನು ಕ್ಯಾಮೆರಾ ಬಿಟ್ಟು ಕೆಂಭಾವಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಹಾಕಿದ. ಬಿಟ್ಟದ್ದಕ್ಕೆ ಅವನಿಗೆ ಬೇಸರವಾದಂತೆ ಕಾಣಲಿಲ್ಲ. ಅದಕ್ಕೂ ನನಗೆ ಹೊಟ್ಟೆಯುರಿಯುತ್ತದೆ.

ತೂತು ಬಿದ್ದದ್ದು ಸರಿಯಾಗಿ ಬೇಕಾದ ಜಾಗದಲ್ಲೇ. ಮದುವೆ ಹೆಣ್ಣಿನ ಊರು ದೇವಾಪುರದಲ್ಲಿ ಆಗಿತ್ತು. ಗಂಡಿನ ದಿಬ್ಬಣ ಬಂದಾಗ ಹೆಣ್ಣಿನ ಕಡೆಯವರು ಊರ ಮುಂದೆ ಎದುರುಗೊಂಡು, ಗಂಡಿನ ತಾಯಿಯ ಕಾಲು ತೊಳೆದು, ಹಂದರದವರೆಗೂ ಬಿಳಿ ಬಟ್ಟೆ ಹಾಸುತ್ತಾರೆ. ನಡೆಮಡಿ ಎನ್ನುತ್ತಾರೆ ಅದಕ್ಕೆ. ಆಕೆ ಅದರ ಮೇಲೆ ನಡೆದು ಬರಬೇಕು. ನನ್ನ ಪಡಿಯಚ್ಚಿನಲ್ಲಿ ತಂಬಿಗೆಯ ನೀರು ಬೀಳುತ್ತದೆ, ಹಾಸಿದ ಬಟ್ಟೆಯ ಅಂಚು ಕಾಣುತ್ತದೆ, ಅಲ್ಲಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಮತ್ತೆ ಕೂಡಿಕೊಳ್ಳುವಾಗ ಎಲ್ಲರೂ ಊಟಕ್ಕೆ ಕೂತಿರುತ್ತಾರೆ.

ನಮ್ಮ ಕಡೆ ಮದುವೆಯ ಸಿಡಿ ಎರಡು ಮನೆಗೂ ಒಂದೊಂದು ಸೆಟ್ಟು ಹೋಗುತ್ತದೆ. ಒಂದೇ ಪಡಿಯಚ್ಚಿನಿಂದ ಬರೆದ ಎರಡು ಡಿಸ್ಕುಗಳಾದರೆ ಕೆಲಸ ಹಗುರ: ಒಂದರ ತೂತನ್ನು ಇನ್ನೊಂದರ ಅದೇ ಜಾಗದಿಂದ ತುಂಬಿಕೊಳ್ಳಬಹುದು. ನರ್ಸಬಾಯಿ ರಜೆ ಹಾಕಿದರು. ಇಬ್ಬರೂ ದೇವಾಪುರಕ್ಕೆ ಹೋದೆವು.

ಅಣ್ಣನ ಅತ್ತೆ, ಅಂದರೆ ಆ ಮನೆಯ ಹಿರಿಯಾಕೆ, ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರು. ಮೊರ ಕೆಳಗಿಡದೆ ಮಾತಾಡಿದರು.

"ನಿಮ್ಮ ಮನಿ ಸಿಡಿ ನೀವು ಕೆಡಿಸ್ಕೊಂಡ್ರಿ, ಈಗ ನಮ್ದಕ್ಕ ಬಂದೀರೇನು? ಅವತ್ತ ಊಟದಾಗ ಹೋಳಿಗಿ ಕಮ್ಮಿ ಬಿತ್ತಂತ ಸುರಪುರ ತುಂಬಾ ಅಂದ್ರಿ. ಇವತ್ತ ಸಿಡಿ ಕಮ್ಮಿ ಬಿತ್ತು."

"ಅತ್ತೀ, ಹೋಳಿಗಿ ಮಾತು ನಮ್ಮವ್ವ ಅಂದಿದ್ದಿಲ್ಲ. ಕಾಕಿ ಅಂದದ್ದು."

"ನಿಮ್ಮವ್ವ ಅನ್ನಲಿಲ್ಲ ಖರೇ. ಬಾಜೂಕ ಕುಂತು ನಕ್ಕಿದ್ಲು. ಅದು ಅಂದದ್ದಕ್ಕಿಂತ ಹೆಚ್ಚಿಂದು." ಮೊರ ಎರಡು ಸಲ ಹಾರಿಸಿದರು. "ಏನ ಮಾಡ್ತೀ ಅದನ್ನ ತಗೊಂಡು?"

ನರ್ಸಬಾಯಿ ಮಗಳ ಕಾಲಿನ ವಿಷಯ ಹೇಳಿದರು. ಹಿರಿಯಾಕೆ ಕೇಳಿ ಮುಗಿಸಿ ಎದ್ದರು. ನಾನು ಹಿಂದೆ ಹೋದೆ. ಟ್ರಂಕಿನಲ್ಲಿ ಒಂದು ಇಳಕಲ್ ಸೀರೆಯ ಮಡಿಕೆಯೊಳಗೆ, ಒಣಗಿದ ಬೇವಿನೆಲೆಯ ನಡುವೆ ಅವರ ಸೆಟ್ಟಿನ ಮೊದಲ ಡಿಸ್ಕು ಇತ್ತು. ನಾನು ಕೈ ಚಾಚಿದೆ.

"ಸೀರಿ ಮುಟ್ಟಬ್ಯಾಡ ತಮ್ಮಾ. ನಾ ತಗೀತೀನಿ."

ಬೆಳಕೂ ಬಿಸಿಲೂ ಕಾಣದ ಡಿಸ್ಕು. ಒಂದೇ ಒಂದು ಗೀರಿಲ್ಲ. ಅದನ್ನು ಒಮ್ಮೆಯೂ ಹಾಕಿ ನೋಡಿಲ್ಲ ಎಂದರು. ಅವರ ಮನೆಯಲ್ಲಿ ಪ್ಲೇಯರೇ ಇರಲಿಲ್ಲ.

ತಪ್ಪು ಮಾಡಿದ್ದು ಇಲ್ಲಿ. ಎರಡು ಡಿಸ್ಕುಗಳೂ ಒಂದೇ ಎಂದು ಮೊದಲು ತಾಳೆ ನೋಡಬೇಕು. ಎರಡರಲ್ಲೂ ಸರಿಯಾಗಿರುವ ಒಂದಿಷ್ಟು ಜಾಗ ಓದಿ ಹೋಲಿಸಿದರೆ ಸಾಕು, ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ನಾನು ನೋಡಲಿಲ್ಲ. ಮದುವೆ ಸಿಡಿ ಮಾಡುವವನು ಒಂದನ್ನೇ ಎರಡು ಸಲ ಬರೆದು ಕೊಟ್ಟಿರುತ್ತಾನೆ, ಅದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವ ಮನುಷ್ಯನಲ್ಲ ಅವನು ಎಂದು ತೀರ್ಮಾನಿಸಿಬಿಟ್ಟಿದ್ದೆ. ಅವನನ್ನು ಅಷ್ಟು ಸಣ್ಣದಾಗಿ ನೋಡುವುದು ನನಗೆ ಬೇಕಾಗಿತ್ತು. ಮೊದಲ ಪಡಿಯಚ್ಚನ್ನು ಬೇರೆಡೆ ತೆಗೆದಿಡದೆ, ಅದರ ತೂತುಗಳಿಗೇ ಎರಡನೇ ಡಿಸ್ಕಿನಿಂದ ತುಂಬಲು ಬಿಟ್ಟೆ. ನಕ್ಷೆ ಪೂರ್ತಿ ಹಸಿರಾಯಿತು. ತೂತೇ ಇಲ್ಲ.

ತೆರೆದು ನೋಡಿದರೆ ತಂಬಿಗೆಯ ನೀರು ಬೀಳುತ್ತಿದ್ದಂತೆ ಯಾರೋ ಹೆಂಗಸಿನ ಅರ್ಧ ಮುಖ, ಹಸಿರು ಪಟ್ಟೆ, ಕುದುರೆಯ ಹಿಂಭಾಗ, ಮತ್ತೆ ಹಸಿರು. ಧ್ವನಿ ಕಿರ್ರೆಂದಿತು. ಎರಡು ಬೇರೆ ಬೇರೆ ಮದುವೆಗಳನ್ನು ಒಂದೇ ಬುಟ್ಟಿಯಲ್ಲಿ ಕಲಸಿದಂತಾಗಿತ್ತು. ಅವನು ಎರಡು ಮನೆಗೂ ಎರಡು ಬೇರೆ ಎಡಿಟ್ ಮಾಡಿದ್ದ.

ಓದಿದ್ದ ಭಾಗ ಉಳಿದಿತ್ತು, ತೂತಿನ ಅಂಚುಗಳ ಲೆಕ್ಕ ಹೋಗಿತ್ತು. ಸುರಪುರದ ಡಿಸ್ಕನ್ನು ಮೊದಲಿನಿಂದ ಓದಲು ಮತ್ತೆ ಡ್ರೈವಿಗೆ ಹಾಕಿದೆ. ತಿರುಗಲು ಹತ್ತಿದ ಸ್ವಲ್ಪದರಲ್ಲೇ ಒಳಗೆ ಟಪ್ಪೆಂದಿತು. ನಡುವಿನ ಬಿರುಕು ಅಂಚಿನವರೆಗೂ ಓಡಿತ್ತು.

ಸುರಪುರಕ್ಕೆ ಫೋನ್ ಹಚ್ಚಿದೆ. ಆಸ್ಪತ್ರೆಯ ಗದ್ದಲ ಕೇಳಿಸುತ್ತಿತ್ತು.

"ಒಡೀತ್ರಿ ಬಾಯಾರ," ಎಂದೆ. "ತಪ್ಪು ನಂದು. ತಾಳಿ ನೋಡದ ಗಡಿಬಿಡಿ ಮಾಡಿದೆ."

ಆ ಕಡೆ ಯಾರಿಗೋ ಸಲೈನ್ ಬದಲಿಸಲು ಹೇಳಿದರು. ಮತ್ತೆ ಫೋನಿಗೆ ಬಂದರು.

"ನಮ್ದು ಒಡೀತು, ಆತು. ಬೀಗರದು ಒಡದ್ರಿ ಅಂದ್ರ ನೀವೇ ದೇವಾಪುರಕ್ಕ ಹೋಗಿ ಆಕಿ ಮುಂದ ನಿಂದ್ರಬೇಕು. ನಾ ಬರಂಗಿಲ್ಲ."

ದೇವಾಪುರದ ಡಿಸ್ಕನ್ನು ಹೊಸದಾಗಿ, ಬೇರೆಯೇ ಪಡಿಯಚ್ಚಾಗಿ ಇಳಿಸಿದೆ. ಇಳಿದ ಕೂಡಲೇ ಅದರದೊಂದು ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿದೆ. ಎರಡನ್ನೂ ಹೋಲಿಸಿ ಒಂದೇ ಎಂದು ಖಾತ್ರಿಯಾದ ಮೇಲೆಯೇ ತೆರೆದೆ.

ಹೆಣ್ಣಿನ ಮನೆಯವರು ನಿಂತ ಕಡೆಯಿಂದ ತೆಗೆದದ್ದು. ಬಿಳಿ ಬಟ್ಟೆ ಚಿತ್ರದ ಕೆಳಗಿನಿಂದ ಮೇಲಿನವರೆಗೂ ಚಾಚಿದೆ. ಆ ತುದಿಯಲ್ಲಿ ಕಾಲು ತೊಳೆಸಿಕೊಂಡ ಹೆಂಗಸು ಸೀರೆಯ ನಿರಿಗೆ ಚೂರು ಮೇಲೆತ್ತಿ ಬಟ್ಟೆಯ ಮೇಲೆ ಕಾಲಿಡುತ್ತಾಳೆ. ಟೊಂಕ ಬಲಕ್ಕೆ ಇಳಿಯುತ್ತದೆ, ಏಳುತ್ತದೆ. ಮುಖ ಕಾಣುವುದಿಲ್ಲ, ಸೆರಗು ಅಡ್ಡ ಇದೆ. ಕ್ಯಾಮೆರಾ ಮುಖವನ್ನು ಹುಡುಕುವುದೂ ಇಲ್ಲ. ಆಕೆ ಹತ್ತಿರಾದಂತೆ ಅದು ಮೆಲ್ಲಗೆ ತಗ್ಗಿ, ಪಾದಗಳ ಮಟ್ಟಕ್ಕೆ ಬರುತ್ತದೆ. ಆಕೆ ಚೌಕಟ್ಟು ದಾಟಿ ಹೋಗುತ್ತಾಳೆ. ವಾಲಗ, ಗದ್ದಲ, ಮದುವೆ ಎಲ್ಲ ಆಕೆಯ ಹಿಂದೆ ಹೋಗುತ್ತದೆ. ಕ್ಯಾಮೆರಾ ಹೋಗುವುದಿಲ್ಲ. ಬಿಳಿ ಬಟ್ಟೆಯ ಮೇಲೆ ಒದ್ದೆ ಹೆಜ್ಜೆಗಳು ಉಳಿದಿವೆ: ಒಂದು ಪೂರ್ತಿ ಪಾದ, ಒಂದು ಬರೀ ಬೆರಳುಗಳು, ಒಂದು ಪೂರ್ತಿ, ಒಂದು ಅರ್ಧ. ಬಿಸಿಲಿಗೆ ಅವು ಅಂಚಿನಿಂದ ಒಳಕ್ಕೆ ಆರುತ್ತಾ ಬರುತ್ತವೆ. ಅರ್ಧ ಹೆಜ್ಜೆಗಳು ಮೊದಲು ಮಾಯವಾಗುತ್ತವೆ. ಕೊನೆಯದು ಆರುವವರೆಗೂ ಅವನು ನಿಂತಿದ್ದಾನೆ.

ನಾನು ಕುರ್ಚಿಯಿಂದೆದ್ದು ಹೊರಗೆ ಹೋದೆ. ಬಸ್‌ಸ್ಟ್ಯಾಂಡಿನ ಕಡೆ ನಡೆದು, ಬೇಡವಾದ ಚಹಾ ಕುಡಿದು, ಬಂದು ಮತ್ತೆ ನೋಡಿದೆ. ಹತ್ತಿಕುಣಿಯ ಕೆಸರಲ್ಲಿ ನಾನು ವರ್ಷಗಟ್ಟಲೆ ಹುಡುಕಿದ್ದು ಇದೇ. ಇದು ಯಾರೂ ನೋಡದ ಒಂದು ಬೀಗರ ಸಿಡಿಯಲ್ಲಿ, ಇಳಕಲ್ ಸೀರೆಯ ಮಡಿಕೆಯೊಳಗೆ ಇಷ್ಟು ಕಾಲ ಮಲಗಿತ್ತು.

ಕೆಲಸಕ್ಕೆ ಸಂಬಂಧಿಸಿದ ಅನುಮಾನಗಳು ಎರಡು ಇದ್ದವು. ಆ ಕಾಲದಲ್ಲಿ ಚಿತ್ರವನ್ನು ಕನ್ನಡಿಯಂತೆ ತಿರುವಿಹಾಕುವುದು, ನಿಧಾನ ಮಾಡುವುದು ಎಡಿಟಿಂಗಿನ ದೊಡ್ಡ ಶೋಕಿ. ತಿರುವಿದ್ದರೆ ಬಲಗಾಲು ಎಡಗಾಲಾಗುತ್ತದೆ. ನಿಧಾನ ಮಾಡಿದ್ದರೆ ನಡಿಗೆಯೇ ಸುಳ್ಳಾಗುತ್ತದೆ. ಹಿಂದೆ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಬರೆದ ಅಕ್ಷರಗಳು ನೆಟ್ಟಗೇ ಇದ್ದವು. ಅರ್ಧ ಗೆರೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಯಾವುದೂ ಎರಡು ಸಲ ಬಂದಿರಲಿಲ್ಲ. ನಿಧಾನ ಮಾಡಿದ್ದರೆ ಬಂದಿರುತ್ತಿತ್ತು. ಅಲ್ಲಿಗೆ ಎರಡೂ ಅನುಮಾನ ಮುಗಿದವು. ಆದರೂ, ಒಮ್ಮೆ ಕೇಳಿಬಿಡೋಣ ಎಂಬ ನೆಪ ಹೂಡಿ ಕೆಂಭಾವಿಗೆ ಹೋದೆ. ಅದೊಂದು ಆಕಸ್ಮಿಕ ಎಂದು ಅವನ ಬಾಯಿಂದಲೇ ಕೇಳಬೇಕಾಗಿತ್ತು ನನಗೆ.

ಸಂತೆಯ ದಿನ. ಅಂಗಡಿಯ ಮುಂದೆ ಸುಟ್ಟ ಮೋಟರುಗಳ ಸಾಲು. ಅವನು ತಾಮ್ರದ ತಂತಿ ಸುತ್ತುತ್ತಾ ತಲೆಯೆತ್ತಿದ.

"ಓಹೋ, ಬರ್ರಿ ಸಾಹೇಬ್ರ! ಯಾವ ಕಡಿ ಸೂರ್ಯ ಹುಟ್ಯಾನ ಇವತ್ತ? ನಿಂದು ಆ ಕೆಸರಿನ ಸಿನಿಮಾ ಇನ್ನ ನಡದದೋ, ಕೆರಿ ಬತ್ತಿತೋ?"

ಮದುವೆಯ ವಿಷಯ ಹೇಳಿದೆ. ಎರಡು ಮನೆಗೆ ಎರಡು ಎಡಿಟ್ ಯಾಕೆ ಮಾಡಿದೆ ಎಂದು ಕೇಳಿದೆ.

"ಮತ್ತ? ಇಬ್ಬರಿಗೂ ಒಂದ ಸಿಡಿ ಹೆಂಗ ಕೊಡ್ತಾರಲೇ? ಹೆಣ್ಣಿನವ್ರು ತಮ್ಮ ಮಂದಿ ನೋಡತಾರ, ಗಂಡಿನವ್ರು ತಮ್ಮ ಮಂದಿ ನೋಡತಾರ. ಬೀಗರ ಮಾರಿ ನೋಡಾಕ ಯಾರರ ರೊಕ್ಕ ಕೊಡ್ತಾರೇನು?"

"ಹಂಗಾದ್ರ ಗಂಡಿನ ತಾಯಿ ನಡಿಯೋದು ಹೆಣ್ಣಿನವ್ರ ಸಿಡಿದಾಗ ಯಾಕ ಅಷ್ಟು ಉದ್ದ ಇಟ್ಟಿ?"

"ಬಟ್ಟಿ ಅವರದು." ಅವನು ತಂತಿ ಕತ್ತರಿಸಿದ. "ಹೊಸಾ ಧೋತರ ಹಾಸಿದ್ರು. ನಾವು ಎಂಥಾದ್ದು ಹಾಸೀವಿ ಅಂತ ಅವರಿಗಿ ಕಾಣಬೇಕಲ್ಲ."

"ಆಕಿ ಹೋದ ಮ್ಯಾಲೂ ಕ್ಯಾಮೆರಾ ಅಲ್ಲೇ ಅದ. ಹೆಜ್ಜಿ ಆರೋ ತನಕ."

ಅವನು ಯೋಚಿಸಿದ. ನಿಜವಾಗಿಯೂ ನೆನಪಿಸಿಕೊಳ್ಳುತ್ತಿದ್ದನೋ, ನನ್ನನ್ನು ನೋಡುತ್ತಿದ್ದನೋ ತಿಳಿಯಲಿಲ್ಲ.

"ಹೌದಾ? ಮರ್ತೀನೋ ಮಾರಾಯ. ಕೈ ಬ್ಯಾನಿ ಆಗಿತ್ತೇನೋ, ಇಳಿಸಿರಬೇಕು. ಇಲ್ಲಾ ಬಂದ್ ಮಾಡೋದು ಮರ್ತಿರಬೇಕು."

ಬೇಕಾದ ಉತ್ತರ ಸಿಕ್ಕಿತ್ತು. ಎದ್ದು ಮೆಟ್ಟಿಲಿಳಿದೆ. ಹಿಂದಿನಿಂದ ಕೂಗಿದ:

"ಆ ಮುದುಕಿ ಜರಾ ಕುಂಟತಿದ್ಲು, ಅಲ್ಲೇನು? ಬಲಗಾಲು."

ಹೆತ್ತ ಮಗನಿಗೆ ನೆನಪಿಲ್ಲದ ಕಾಲು ಇವನಿಗೆ ನೆನಪಿತ್ತು. ಬಸ್ಸಿನಲ್ಲಿ ಕೂತು, ಕೈ ನೋಯುತ್ತಿತ್ತು ಎಂಬ ಅವನ ಮಾತನ್ನು ನಂಬಲು ಶಹಾಪುರದವರೆಗೂ ಪ್ರಯತ್ನಿಸಿದೆ.

ಅಷ್ಟರಲ್ಲಿ ನರ್ಸಬಾಯಿಯ ಅಣ್ಣನ ಫೋನು. ಮನೆಗೆ ಗೋಡೆಯಗಲದ ಟಿವಿ ತಂದಿದ್ದನಂತೆ.

"ಸರ, ಎಲ್ಲಾ ಎಚ್‌ಡಿ ಮಾಡ್ರಿ. ಬಾಜೂಕ ಕರಿ ಪಟ್ಟಿ ಇರಬಾರ್ದು, ಪೂರಾ ಸ್ಕ್ರೀನ್ ಬರಬೇಕು. ನಮ್ಮ ಭಾವನ ಮನಿಯವ್ರಿಗೂ ಅಲ್ಲೇ ತೋರಸೋಣು."

ಹಳೆಯ ಚಿತ್ರವನ್ನು ತಾನೇ ಊಹಿಸಿ ದೊಡ್ಡದಾಗಿ, ಚೊಕ್ಕಟವಾಗಿ ಮಾಡುವ ಪ್ರೋಗ್ರಾಮುಗಳು ಈಗ ಬಂದಿವೆ. ಒಂದು ತುಣುಕಿನ ಮೇಲೆ ಓಡಿಸಿ ನೋಡಿದೆ. ಸೆರಗಿನ ಅಂಚು ಜರಿಯಂತೆ ಮಿಂಚಿತು. ನಡಿಗೆ ಜಾರುವಷ್ಟು ನುಣುಪಾಯಿತು. ಬಟ್ಟೆಯ ಮೇಲಿನ ಅರ್ಧ ಹೆಜ್ಜೆಗೆ ಅದು ತೆಳ್ಳಗೊಂದು ಹಿಮ್ಮಡಿಯನ್ನು ಸೇರಿಸಿತ್ತು. ಅದಕ್ಕೆ ಕಾಲು ಎಂದರೆ ಏನೆಂದು ಗೊತ್ತಿತ್ತು; ಈ ಕಾಲು ಗೊತ್ತಿರಲಿಲ್ಲ. ಆರುವ ನೀರಿನ ಅಂಚು ಪ್ಲಾಸ್ಟಿಕ್ಕಿನಂತಾಗಿತ್ತು. ಚಿತ್ರ ತೆಗೆದವನ ಕೈಯ ಸಣ್ಣ ನಡುಕವೂ ಹೋಗಿತ್ತು. ಇನ್ನು ಇದು ಯಾರು ಬೇಕಾದರೂ ತೆಗೆಯಬಹುದಾದ ಚಿತ್ರ. ಅದನ್ನು ನೋಡುತ್ತಾ ನನಗೆ ಹಾಯೆನಿಸಿತು. ಆ ಹಾಯೆನಿಸಿದ್ದು ಯಾಕೆಂದು ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಗಿರಾಕಿ ಕೇಳಿದ್ದೂ ಇದನ್ನೇ. ಇದನ್ನೇ ಕೊಟ್ಟಿದ್ದರೆ ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ. ರಾಯಚೂರಿನ ಡಾಕ್ಟರು ಆ ಹಿಮ್ಮಡಿ ನೋಡಿ, ಏನೂ ಇಲ್ಲ ಹೋಗ್ರಿ ಎನ್ನುತ್ತಿದ್ದರು, ಅಷ್ಟೇ.

ಆ ತುಣುಕನ್ನು ಅಳಿಸಿದೆ. ಪೆನ್‌ಡ್ರೈವಿಗೆ ಡಿಸ್ಕಿನ ಪಡಿಯಚ್ಚನ್ನು ಇದ್ದ ಹಾಗೆಯೇ ಹಾಕಿದೆ. ನೋಡಲು ಅನುಕೂಲವಾಗಲೆಂದು ಇನ್ನೊಂದು ಫೈಲು ಮಾಡಿದೆ: ಎರಡೂ ಗಳಿಗೆಗಳನ್ನು ಉಳಿಸಿ, ಪ್ರತಿ ಅರ್ಧವನ್ನೂ ಒಂದೊಂದು ಚಿತ್ರವಾಗಿ ಬಿಡಿಸಿದ್ದು. ಬದಿಯ ಕರಿಪಟ್ಟಿ ಹಾಗೇ ಬಿಟ್ಟೆ. ತುಂಬಿಸಲು ಹೋದರೆ ಮೇಲೆ ಕೆಳಗೆ ಕತ್ತರಿಸಬೇಕು. ಕೆಳಗೆ ಇದ್ದದ್ದು ಪಾದ.

ಅವರು ಬಂದದ್ದು ಉರಿಬಿಸಿಲಿನ ಮಧ್ಯಾಹ್ನ. ನರ್ಸಬಾಯಿ, ಅವರ ಕಂಕುಳಲ್ಲಿ ಕೂಸು, ಅವರ ಗಂಡ, ದೊಡ್ಡ ಹುಡುಗಿ, ಅಣ್ಣ. ಅಣ್ಣ ಬಂದವನೇ ಕರಿಪಟ್ಟಿ ನೋಡಿ, "ಸರ, ಇದ ಹಂಗ ಬಿಟ್ಟೀರಲ್ಲ," ಎಂದ. ನಾನು ಚಿತ್ರ ಹಚ್ಚಿದೆ.

ಆಕೆ ಬಟ್ಟೆಯ ಮೇಲೆ ಕಾಲಿಟ್ಟಳು. ಟೊಂಕ ಇಳಿಯಿತು, ಎದ್ದಿತು. ಒಂದು ಸಲ ಪೂರ್ತಿ ನೋಡಿದರು. ಎರಡನೇ ಸಲ ನರ್ಸಬಾಯಿ ನಿಲ್ಲಿಸಲು ಹೇಳಿದರು. ಒಂದೊಂದೇ ಚಿತ್ರ ಸರಿಸಿದೆ. ಬಲ ಹಿಮ್ಮಡಿ ನೆಲದ ಕಡೆ ಬಂತು, ಬಂತು, ತಾಗದೆ ಮೇಲೆದ್ದಿತು.

ಅಣ್ಣ ಪರದೆಯ ಹತ್ತಿರ ಬಗ್ಗಿದ್ದ.

"ಎತ್ತು ತುಳದದ್ದು ಎಡಗಾಲು," ಎಂದ ಕೊನೆಗೆ. "ಅದು ಅಪ್ಪಂದು. ನಾ ನೋಡಿದ್ದು ಅಪ್ಪನ ಕಾಲು."

"ಅಪ್ಪ ಎಲ್ಲಿ ಕುಂಟತಿದ್ದ?" ಎಂದರು ನರ್ಸಬಾಯಿ.

"ನಾಕ ದಿನ ಕುಂಟಿದ್ದ. ಆಮ್ಯಾಲ ನೆಟ್ಟಗಾತು." ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅವ್ವಂದು ಇದು ಹುಟ್ಟಾ ನಡಿಗಿ. ಆಕಿ ಹಿಂಗ ನಡದು ನಡದೇ ನಮ್ಮೆಲ್ಲರನ್ನ ಹೊತ್ತಾಳ. ನನಗ ಯಾವತ್ತೂ ಕಂಡಿಲ್ಲ ಬಿಡು."

ನರ್ಸಬಾಯಿಯ ಗಂಡ ಅಲ್ಲಿಯವರೆಗೆ ಬಾಗಿಲಿಗೆ ಒರಗಿ ನಿಂತಿದ್ದವರು ಕೂಸನ್ನು ತಾವೇ ಎತ್ತಿಕೊಂಡರು. ಅದರ ಎರಡು ಕಾಲುಗಳನ್ನೂ ಜೋಡಿಸಿ ಹಿಡಿದು ಏನನ್ನೋ ಅಳೆಯುವವರಂತೆ ನೋಡಿದರು.

"ಸೋಮವಾರ ರಾಯಚೂರಿಗಿ ಬಸ್ಸಿಗಿ ಹೋಗೋದೋ, ಜೀಪ್ ಮಾಡೋದೋ?" ಎಂದರು.

"ಬಸ್ಸೇ ಸಾಕು," ಎಂದರು ನರ್ಸಬಾಯಿ. ದನಿ ಗಟ್ಟಿಯಾಗಿಯೇ ಇತ್ತು, ಆದರೆ ಕುರ್ಚಿ ಹುಡುಕಿ ಕೂತರು.

ದೊಡ್ಡ ಹುಡುಗಿ ನನ್ನ ಮೇಜಿಗೆ ಗದ್ದ ಊರಿಕೊಂಡು ಪರದೆಯ ಮೇಲಿನ ಅಜ್ಜಿಯನ್ನು ನೋಡುತ್ತಲೇ ಇದ್ದಳು.

"ಅವ್ವಾ, ಆಯಿಗಿ ಯಾರೂ ನೆಟ್ಟಗ ನಡಿ ಅಂತಿದ್ದಿಲ್ಲೇನು?"

ಅವಳು ಚಪ್ಪಲಿ ಬಿಟ್ಟಳು. ಬಾಗಿಲ ಬಳಿಯ ಕೊಡದಿಂದ ಒಂದು ಲೋಟ ನೀರು ತೆಗೆದು ಎರಡು ಪಾದಗಳ ಮೇಲೂ ಸುರಿದುಕೊಂಡಳು. ಅಪ್ಪ, "ಏ, ಏನದು?" ಎನ್ನುವಷ್ಟರಲ್ಲಿ ಸಿಮೆಂಟಿನ ನೆಲದ ಮೇಲೆ ಹೊರಟಿದ್ದಳು. ಒಂದು ಪೂರ್ತಿ, ಒಂದು ಅರ್ಧ.

"ಸರ, ಇದನ್ನೂ ತಗೀರಿ," ಎಂದು ನರ್ಸಬಾಯಿ ಎದ್ದು ನಿಂತರು. "ಡಾಕ್ಟರಿಗಿ ಎರಡೂ ಜೋಡಿ ತೋರಿಸ್ತೀನಿ. ಇನ್ನೊಮ್ಮಿ ನಡಿ ತಂಗಿ."

ನನ್ನ ಬಳಿ ಒಳ್ಳೆಯ ಕ್ಯಾಮೆರಾ ಇದೆ. ಅದನ್ನು ತೆಗೆದು, ನೆಲಕ್ಕೆ ಕೂತು, ಪಾದದ ಮಟ್ಟಕ್ಕೆ ಹಿಡಿದೆ. ಅವಳು ಮತ್ತೆ ಕಾಲು ಒದ್ದೆ ಮಾಡಿಕೊಂಡು ಆ ಗೋಡೆಯಿಂದ ಬಂದಳು. ಕೈ ಸ್ಥಿರವಾಗಿತ್ತು, ಬೆಳಕು ಬಾಗಿಲಿಂದ ಚೆನ್ನಾಗಿ ಬೀಳುತ್ತಿತ್ತು. ಟೊಂಕ ಇಳಿಯಿತು, ಎದ್ದಿತು. ಅವಳು ನನ್ನನ್ನು ದಾಟಿ ಅವ್ವನ ಕಡೆ ಹೋದಳು.

ಅವರು ಹೋದ ಮೇಲೆ, ಪೆನ್‌ಡ್ರೈವಿಗೆ ಹಾಕಿಕೊಟ್ಟ ಆ ತುಣುಕಿನ ನನ್ನ ಪ್ರತಿಯನ್ನು ತೆರೆದೆ. ನಡಿಗೆ ಪೂರ್ತಿ ಬಂದಿದೆ. ಡಾಕ್ಟರಿಗೆ ಬೇಕಾದದ್ದೆಲ್ಲ ಇದೆ. ಅವಳ ಕೊನೆಯ ಹಿಮ್ಮಡಿ ಚೌಕಟ್ಟಿನ ಅಂಚು ದಾಟುತ್ತದೆ, ಅಲ್ಲಿಗೆ ಚಿತ್ರ ಮುಗಿಯುತ್ತದೆ. ನನ್ನ ಹೆಬ್ಬೆರಳು ನಿಲ್ಲಿಸುವ ಗುಂಡಿ ಒತ್ತಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ತಿರುಗಿ ನೆಲ ನೋಡಿದೆ. ಒದ್ದೆ ಹೆಜ್ಜೆಗಳು ಆರಿದ್ದವು.